ಬಲಗಡೆಯ ಕಿಂಡಿ

ಜನವರಿ 9, ಸಂಜೆ

ಇವತ್ತೂ ಅಕ್ಷರಾಭ್ಯಾಸ. ಎರಡು ತೆಳು ಗೆರೆಗಳ ನಡುವೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಆಮೇಲೆ ಸೊನ್ನೆಯಿಂದ ಒಂಬತ್ತು. ನಾಲ್ಕು ಹಾಳೆ. ಎಸ್ ಅಕ್ಷರ ಹೊಟ್ಟೆನೋವು ಬಂದವನ ಹಾಗೆ ಮುದುರಿಕೊಳ್ಳುತ್ತದೆ. ಪೆನ್ಸಿಲು ಹಿಡಿಯುವುದು ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ. ನಡುವೆ ಇರಬೇಕಾದ ಎರಡು ಬೆರಳು ಇಲ್ಲ.

ಡೈರಿ ಬರೆಯಲು ಹೇಳಿದವನು ಆಸ್ಪತ್ರೆಯ ಫಿಸಿಯೋ. "ಏನಾದ್ರೂ ಬರೀರಿ. ಬೈಗುಳಾನೇ ಬರೀರಿ. ಕೈ ಬಗ್ಗಬೇಕು ಅಷ್ಟೆ." ಚಿಕ್ಕ ವಾಕ್ಯಗಳೇ ಬರುತ್ತವೆ. ಉದ್ದ ಬರೆದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ.

ಯಂತ್ರದ ಡ್ರಾಯಿಂಗ್ ಕಲಿಯುವ ಕ್ಲಾಸಿನಲ್ಲಿ ಹದಿನಾರು ಜನ. ಹದಿನೈದು ಮಂದಿಗೆ ನನ್ನ ಅರ್ಧ ವಯಸ್ಸು. ಎಲ್ಲರಿಗೂ ನಾನು ಅಂಕಲ್. ಕಲಿಸುವ ಮೇಡಂ ಕೂಡ ಇವತ್ತು ಬಾಯಿತಪ್ಪಿ ಅಂಕಲ್ ಎಂದರು. ಆಮೇಲೆ ಬೋರ್ಡಿನ ಕಡೆ ತಿರುಗಿ ಸುಮ್ಮನೆ ಒರೆಸಿದರು. ಬೋರ್ಡಿನ ಮೇಲೆ ಏನೂ ಇರಲಿಲ್ಲ.

ಜನವರಿ 12

ಭಾವ ಮಹಡಿ ಹತ್ತಿ ಬಂದರು. ಹಾಳೆ ನೋಡಬೇಕಂತೆ. ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ಅವರೇ ಹೆಡ್. ಮೂವತ್ತು ವರ್ಷ ಗೆರೆ ಎಳೆದ ಕಣ್ಣು. ಕನ್ನಡಕ ಹಣೆಗೇರಿಸಿ ಹಾಳೆಯನ್ನು ಮೂಗಿಗೆ ಹಿಡಿದರು.

"ಗೆರೆ ನಡುಗಿದೆ."

"ಕೈ ಹೀಗಿದೆಯಲ್ಲ ಭಾವ."

"ಹಾಳೆಗೆ ಅದೆಲ್ಲ ಗೊತ್ತಾಗಲ್ಲಪ್ಪ."

ನಿಜ. ಇದ್ದದ್ದು ಇದ್ದ ಹಾಗೆ ಹೇಳುವ ಮನುಷ್ಯ ಎಂದುಕೊಂಡೆ. ಅಕ್ಕ ಕೆಳಗಿನಿಂದ ಕೂಗಿದಳು — ನಾಳೆಯ ಅಂಗಿ ತಂದುಕೊಡು, ಗುಂಡಿ ತೆಗೆದು ಒತ್ತುವ ಗುಂಡಿ ಹಾಕ್ತೀನಿ. ಅಪ್ಪ ಅಮ್ಮ ಹೋದಾಗ ನನಗೆ ಒಂಬತ್ತು. ಅಂದಿನಿಂದ ಅವಳೇ ಎಲ್ಲ. ಮದುವೆಯಾದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಬಂದಳು. ಭಾವ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಕೆಲಸ ಕೊಡಿಸಿದರು. ಹದಿನೆಂಟು ವರ್ಷ ಪ್ರೆಸ್ ಶಾಪಿನಲ್ಲಿ ತಗಡು ಒತ್ತಿದೆ. ಕಳೆದ ಆಗಸ್ಟಿನಲ್ಲಿ ಒಂದನೇ ನಂಬರ್ ಪ್ರೆಸ್ ನನ್ನನ್ನೂ ಒತ್ತಿತು.

ವಿಚಾರಣಾ ವರದಿಯಲ್ಲಿ ಒಂದು ಸಾಲು: 'ಆಪರೇಟರನ ನಿರ್ಲಕ್ಷ್ಯ.' ಈ ಕೋರ್ಸಿಗೆ ಸೀಟು ಕೊಡಿಸಿದ್ದೂ ಭಾವನೇ. ಮುಗಿಸಿದರೆ ಅವರ ಆಫೀಸಿನಲ್ಲೇ ಕುರ್ಚಿ.

ಜನವರಿ 23

ಗೆರೆಗಳ ಜಾತಿ. ಕಾಣುವ ಅಂಚಿಗೆ ದಪ್ಪ ಗೆರೆ. ಕಾಣದ ಅಂಚಿಗೆ ತುಂಡು ತುಂಡು ಗೆರೆ. ನಡುವಿನ ಅಕ್ಷಕ್ಕೆ ಒಂದು ಉದ್ದ, ಒಂದು ಗಿಡ್ಡ. ಅಳತೆ ಬರೆಯುವ ಗೆರೆ ತೆಳ್ಳಗೆ.

ಹದಿನೆಂಟು ವರ್ಷ ಇವುಗಳನ್ನು ಗೋಡೆಯ ಮೇಲೆ ನೋಡಿದ್ದೇನೆ. ಸೂಪರ್‌ವೈಸರ್ ಬೆರಳಿಟ್ಟು ತೋರಿಸುತ್ತಿದ್ದ, ನಾವು ಹೂಂ ಅನ್ನುತ್ತಿದ್ದೆವು. ಓದು ಬಾರದವನು ಪೇಪರ್ ಹಿಡಿದು ಕೂತ ಹಾಗೆ. ಮೇಡಂಗೆ ಹೇಳಿದೆ. ನಗಲಿಲ್ಲ. "ನೀವು ಮಾಡಿ ನೋಡಿದ್ದೀರಿ, ಓದಿಲ್ಲ. ಇವರು ಓದ್ತಾರೆ, ಮಾಡಿ ನೋಡಿಲ್ಲ. ನಿಮ್ಮದೇ ವಾಸಿ" ಎಂದರು.

ಸುಳ್ಳೋ ನಿಜವೋ, ದಿನವೆಲ್ಲ ಖುಷಿಯಲ್ಲಿದ್ದೆ.

ಫೆಬ್ರವರಿ 4

ತಲೆ ಕೆಟ್ಟಿದೆ. ಪ್ರೊಜೆಕ್ಷನ್.

ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಮೂರು ಚಿತ್ರ ಬರೆಯಬೇಕು. ಅದು ಸರಿ. ಆದರೆ ಬಲಗಡೆಯಿಂದ ನೋಡಿದ ಚಿತ್ರವನ್ನು ಹಾಳೆಯಲ್ಲಿ ಎಲ್ಲಿ ಇಡಬೇಕು? ಅದಕ್ಕೆ ಎರಡು ಪದ್ಧತಿ. ಫಸ್ಟ್ ಆಂಗಲ್ ಆದರೆ ಎಡಕ್ಕೆ. ಥರ್ಡ್ ಆಂಗಲ್ ಆದರೆ ಬಲಕ್ಕೆ. ಒಂದು ದೇಶದವರು ಹೀಗೆ, ಇನ್ನೊಂದು ದೇಶದವರು ಹಾಗೆ. ಯಾವುದು ಎಂದು ತಿಳಿಯಲು ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಗುರುತು. ತುದಿ ಕತ್ತರಿಸಿದ ಶಂಕು, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ಶಂಕುವಿನ ಅಗಲ ತುದಿ ವೃತ್ತದ ಕಡೆ ಇದ್ದರೆ ಫಸ್ಟ್. ಕಿರಿದಾದ ತುದಿ ಇದ್ದರೆ ಥರ್ಡ್.

"ಇಷ್ಟು ಚಿಕ್ಕ ಗುರುತು ನೋಡದಿದ್ರೆ ಏನಾಗುತ್ತೆ ಮೇಡಂ?" ಹಿಂದಿನ ಬೆಂಚಿನ ಹುಡುಗಿ.

"ಎಡ ಬಲ ಆಗುತ್ತೆ. ಬಲ ಎಡ ಆಗುತ್ತೆ. ಮಾಡಿದ್ದು ಗುಜರಿಗೆ ಹೋಗುತ್ತೆ."

ಎಲ್ಲರೂ ನಕ್ಕರು. ನಾನೂ.

ಫೆಬ್ರವರಿ 10

ಕಂಪ್ಯೂಟರಿಗೆ ಬಡ್ತಿ. ಮೌಸ್ ಎಡಗೈಗೆ ಹಾಕಿಸಿಕೊಂಡೆ. ಮೊದಲ ಗಂಟೆ ಪರದೆಯ ಬಾಣ ಕುಡಿದವನ ಹಾಗೆ ಓಡಾಡಿತು. ಆಮೇಲೆ ಹಿಡಿತಕ್ಕೆ ಬಂತು. ಲೈನ್, ಆಫ್‌ಸೆಟ್, ಟ್ರಿಮ್ — ಎಳೆ, ಪಕ್ಕಕ್ಕಿಡು, ಕತ್ತರಿಸು. ಗೆರೆ ನಡುಗುವುದಿಲ್ಲ! ಯಾರ ಕೈ ಹೇಗಿದೆ ಎಂದು ಈ ಯಂತ್ರ ಕೇಳುವುದೇ ಇಲ್ಲ. ಮಧ್ಯಾಹ್ನದೊಳಗೆ ಪೈಪಿನ ತುದಿಗೆ ಕೂರುವ ಫ್ಲಾಂಜ್ ಒಂದನ್ನು ಆರು ತೂತು ಸಮೇತ ಬರೆದೆ. ಹುಡುಗರು ಬಂದು ನೋಡಿ ಹೋದರು.

ಭಾವನಿಗೆ ಪ್ರಿಂಟ್ ತೋರಿಸಿದೆ. ಬಹಳ ಹೊತ್ತು ನೋಡಿದರು. ತಪ್ಪು ಸಿಗಲಿಲ್ಲ. "ಹೂಂ" ಎಂದರು. ಅಕ್ಕ ಅದನ್ನು ಗೋಡೆಗೆ ಅಂಟಿಸಿದಳು. ಏನು ಅದು ಎಂದು ಕೇಳಲೂ ಇಲ್ಲ.

ಫೆಬ್ರವರಿ 15, ಮಧ್ಯಾಹ್ನ

ಮೇಡಂ ಕೊಟ್ಟ ಕೆಲಸ — ಅವರವರು ಕಂಡ ಯಂತ್ರದ್ದೇ ಒಂದು ಭಾಗ ತಂದು ಬರೆಯಿರಿ. ಹುಡುಗರು ಸೈಕಲ್ ಪೆಡಲು, ಬಾಗಿಲ ಚಿಲಕ ತಂದರು. ನಾನು ನಿನ್ನೆ ಕಾರ್ಖಾನೆಯ ನಕ್ಷೆ ಇಡುವ ಪ್ರಿಂಟ್ ರೂಮಿಗೆ ಹೋಗಿ ಪ್ರೆಸ್ಸಿನ ಗಾರ್ಡಿನ ಚಿತ್ರ ಕೇಳಿದೆ. ಗಾರ್ಡ್ ಎಂದರೆ ಕೈ ಒಳಗೆ ಹೋಗದಂತೆ ಸುತ್ತ ಕಟ್ಟುವ ಜಾಲರಿ. ಏಕೆ ಅದನ್ನೇ ಕೇಳಿದೆ? ಬೇರೆ ಯಾವುದೂ ಅಷ್ಟು ನೆನಪಿಲ್ಲ. ಅಲ್ಲಿನವನು ಫೈಲನ್ನೇ ಕೊಟ್ಟ. ಒಳಗೆ ಎರಡು ಹಾಳೆ. ಪ್ರೆಸ್ ಮಾಡಿದ ಪರದೇಶದ ಕಂಪನಿಯದು ಒಂದು. ಅದನ್ನು ನೋಡಿ ನಮ್ಮ ಆಫೀಸಿನವರು ಬರೆದದ್ದು ಇನ್ನೊಂದು.

ನಮ್ಮ ಹಾಳೆ ನೋಡಿ ಬರೆದೆ. ಜಾಲರಿಯ ಒಂದು ಬದಿ ಪೂರ್ತಿ ಮುಚ್ಚಿದೆ. ಇನ್ನೊಂದು ಬದಿಯಲ್ಲಿ ಕಿಂಡಿ — ಮೆಕ್ಯಾನಿಕ್ ಸಿಕ್ಕಿಬಿದ್ದ ತುಂಡು ತೆಗೆಯಲು. ಬರೆದಾಗ ಕಿಂಡಿ ಬಲಗಡೆ ಬಂತು. ಸರಿ, ನಮ್ಮಲ್ಲಿ ಬಲಗಡೆಯೇ ಇದ್ದದ್ದು. ನಾವು ನಿಲ್ಲುತ್ತಿದ್ದ ಕಡೆ.

ಆಮೇಲೆ ಪರದೇಶದ ಹಾಳೆ ಪಕ್ಕದಲ್ಲಿಟ್ಟೆ. ನೋಟಗಳು ಅವೇ. ಅದೇ ಜಾಗದಲ್ಲಿ. ಮೂಲೆಯ ಗುರುತು ಮಾತ್ರ ಬೇರೆ. ಅವರದು ಥರ್ಡ್ ಆಂಗಲ್. ನಮ್ಮ ಹಾಳೆಗೆ ಮೊದಲೇ ಅಚ್ಚಾದ ಗುರುತು ಫಸ್ಟ್ ಆಂಗಲ್. ಚಿತ್ರವನ್ನು ಹಾಗೇ ಇಳಿಸಿಕೊಂಡಿದ್ದಾರೆ, ಗುರುತು ನೋಡಿಲ್ಲ.

ಮಿರರ್ ಕಮಾಂಡ್ ಕೊಟ್ಟೆ. ಜಾಲರಿ ಮಗುಚಿತು. ಕಿಂಡಿ ಎಡಕ್ಕೆ ಹೋಯಿತು, ಪ್ರೆಸ್ಸು ಗೋಡೆಗೆ ಒರಗಿದ ಕಡೆ. ಯಾರ ಕೈಯೂ ಎಟುಕದ ಕಡೆ. ಮುಚ್ಚಿದ ಬದಿ ನಾನು ನಿಲ್ಲುತ್ತಿದ್ದ ಕಡೆಗೆ ಬಂತು.

ಮೇಡಂ ಹಿಂದೆ ನಿಂತಿದ್ದರು. "ಅರೆ. ಇದು ಕಾರ್ಖಾನೇಲಿ ತಪ್ಪಾಗಿ ಮಾಡಿದ್ದಾರಾ?"

"ಗೊತ್ತಿಲ್ಲ ಮೇಡಂ."

ಸೇವ್ ಮಾಡಿದೆ. ನಮ್ಮ ಹಾಳೆಯ ಮೂಲೆಯಲ್ಲಿ 'ಪರಿಶೀಲಿಸಿದವರು' ಎಂಬ ಚೌಕ. ಅದರಲ್ಲಿ ಸಹಿ. ಇಪ್ಪತ್ತು ವರ್ಷದಿಂದ ಕಂಡ ಸಹಿ.

ನಿರ್ಲಕ್ಷ್ಯವಂತೆ.

ಫೆಬ್ರವರಿ 16, ಬೆಳಿಗ್ಗೆ 7

ಶಾಪಿಗೆ ಹೋಗಿ ನೋಡಿ ಬಂದೆ. ಒಂದನೇ ನಂಬರ್ ಪ್ರೆಸ್ ತೆಗೆದು ಹಾಕಿದ್ದಾರೆ. ನೆಲದಲ್ಲಿ ನಾಲ್ಕು ಬೋಲ್ಟಿನ ತೂತು. ಎರಡನೇ ನಂಬರ್ ನಡೆಯುತ್ತಿದೆ. ಅದೇ ಜಾಲರಿ. ಬಲಗಡೆ ಕಿಂಡಿ.

ಅದರ ಮುಂದೆ ಸಿಳ್ಳೆ. ಕೆಲಸ ಮಾಡುತ್ತ ಸಿಳ್ಳೆ ಹಾಕುವ ಹೆಂಗಸು, ಅದಕ್ಕೇ ಆ ಹೆಸರು. ಹೊಸದಾಗಿ ಸೇರಿದಾಗ ನಾನೇ ಕೆಲಸ ಹೇಳಿಕೊಟ್ಟಿದ್ದೆ. ನನ್ನನ್ನು ಕಂಡು ಕೈ ಎತ್ತಿದಳು. ನಾನೂ ಎತ್ತಿದೆ. ಯಾವ ಕೈ ಎಂದು ಆಮೇಲೆ ನೆನಪಾಯಿತು. ಇಳಿಸಿದೆ.

ಅದೇ ದಿನ, ಸಂಜೆ

ಭಾವನ ಮುಂದೆ ಎರಡೂ ಹಾಳೆ ಹಾಸಿದೆ. ಮೂಲೆಯ ಗುರುತಿನ ಮೇಲೆ ಬೆರಳಿಟ್ಟೆ ಅಷ್ಟೆ.

ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಬೀಳಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು.

"ಕೂತ್ಕೋ."

"ನಿಮಗೆ ಗೊತ್ತಿತ್ತು."

"ಆಗ ಗೊತ್ತಿರಲಿಲ್ಲ. ನೀನು ಆಸ್ಪತ್ರೇಲಿದ್ದಾಗ ಫೈಲ್ ತೆಗೆದು ನೋಡ್ದೆ. ಆಗ ಗೊತ್ತಾಯ್ತು."

"ಆಮೇಲೆ ವರದಿ ಬಂತಲ್ಲ ಭಾವ."

"ಬಂತು."

"ನನ್ನ ನಿರ್ಲಕ್ಷ್ಯ ಅಂತ."

ತಲೆ ಎತ್ತಲಿಲ್ಲ. "ಐದು ತಿಂಗಳಿದೆ ನನ್ನ ರಿಟೈರ್ಮೆಂಟಿಗೆ. ಮೂವತ್ತೊಂದು ವರ್ಷ. ಒಂದು ಹಾಳೇನೂ ವಾಪಸ್ ಬಂದಿಲ್ಲ. ಅದಕ್ಕೇ ನಿನಗೆ ಆ ಸೀಟು... ಕೈಯಲ್ಲಾದಷ್ಟು ಮಾಡ್ದೆ ಕಣಪ್ಪ."

ಸೀಟು. ಎರಡು ಬೆರಳಿಗೆ ಒಂದು ಕುರ್ಚಿ. ನಾನು ಪ್ರೀತಿ ಎಂದುಕೊಂಡಿದ್ದೆ.

"ಎರಡನೇ ನಂಬರ್ ಓಡ್ತಾ ಇದೆ. ಸಿಳ್ಳೆ ನಿಂತಿದ್ದಾಳೆ ಅದರ ಮುಂದೆ."

"ನಾಳೇನೇ ಮೇಂಟೆನೆನ್ಸ್‌ಗೆ ಬರೆದು ಹಾಕ್ತೀನಿ. ಗಾರ್ಡ್ ಬದಲಾಯಿಸಿ ಅಂತ. ಯಾರಿಗೂ ಗೊತ್ತಾಗೋದು ಬೇಡ. ಒಂದು ವಾರ. ನನ್ನ ಮೇಲೆ ಬಿಡು."

ಬಿಟ್ಟೆ.

ಫೆಬ್ರವರಿ 19

ಅಕ್ಕನಿಗೆ ಹೇಳಿದ್ದಾರೆ. ಬಟ್ಟೆ ಒಣಗಿಸಲು ಮೇಲೆ ಬಂದವಳು ಹಗ್ಗದ ಆ ಕಡೆಯಿಂದಲೇ ಮಾತಾಡಿದಳು. ಮುಖ ಕಾಣಲಿಲ್ಲ.

"ಅವರು ಊಟ ಬಿಟ್ಟಿದ್ದಾರೆ."

"ಹೂಂ."

"ನಿನ್ನ ಕೈ ನೋಡಿದಾಗೆಲ್ಲ ನನ್ನ ಹೊಟ್ಟೆ ಉರಿಯುತ್ತೆ. ಯಾರದ್ದು ತಪ್ಪು ಅಂತ ಗೊತ್ತಾದ್ಮೇಲೆ ಇನ್ನೂ ಉರಿಯುತ್ತೆ. ಆದ್ರೆ ನಾನು ಯಾರ ಕಡೆ ನಿಲ್ಲಲಿ? ಹೇಳು."

ಅವಳು ನನ್ನ ಅಂಗಿಯನ್ನೇ ಕೊಡವಿ ಹಾಕುತ್ತಿದ್ದಳು.

ಫೆಬ್ರವರಿ 26

ಕೋರ್ಸಿನ ಹಾಜರಿ ಕಾರ್ಡಿಗೆ ಸೀಲು ಹಾಕಿಸಲು ಕಾರ್ಖಾನೆಗೆ ಹೋಗಿದ್ದೆ. ಕ್ಯಾಂಟೀನಿನಲ್ಲಿ ಸಿಳ್ಳೆ ಸಿಕ್ಕಳು. ಎದುರು ಕೂತಳು. ಮಗಳು ಈಜು ಕಲಿಯುತ್ತಾಳಂತೆ, ನೀರಿನಿಂದ ಎದ್ದು ಬರುವುದೇ ಇಲ್ಲವಂತೆ.

ಜಾಲರಿ ಇನ್ನೂ ಬದಲಾಗಿಲ್ಲ. ಕೇಳಿ ತಿಳಿದುಕೊಂಡೆ.

"ಬಲಗೈ ಹುಷಾರು" ಎಂದೆ.

ನಕ್ಕಳು. "ಹೇಳೋರು ನೋಡು ಯಾರು ಅಂತ. ನೀವೇ ಹುಷಾರಾಗಿರ್ಬೇಕಿತ್ತು ಅಣ್ಣ."

ಅವಳೂ ಆ ವರದಿಯನ್ನು ನಂಬಿದ್ದಾಳೆ. ನಿಜ ನಾಲಿಗೆ ತುದಿಗೆ ಬಂತು. ಲೋಟ ಎತ್ತಿ ಚಹಾದ ಜೊತೆ ನುಂಗಿದೆ. ಚಹಾ ತಣ್ಣಗಿತ್ತು.

ಭಾವನನ್ನು ಕೇಳಿದೆ. ಮೇಂಟೆನೆನ್ಸಿನವರು ಅರ್ಜಿ ವಾಪಸ್ ಕಳಿಸಿದ್ದಾರೆ. 'ಕಾರಣ' ಎಂಬ ಜಾಗವನ್ನು ಭಾವ ಖಾಲಿ ಬಿಟ್ಟಿದ್ದರಂತೆ.

"ಕಾರಣ ಬರೀರಿ ಭಾವ."

"ಬರೀತೀನಿ. ಏನು ಬರೀಬೇಕು ಅಂತ ಯೋಚಿಸ್ತಿದ್ದೀನಿ."

ಮಾರ್ಚ್ 1

ಎರಡನೇ ಸಲವೂ ವಾಪಸ್. ಕಾರಣದ ಜಾಗದಲ್ಲಿ ಭಾವ 'ಸವೆತ' ಎಂದು ಬರೆದಿದ್ದರು. ಮೆಕ್ಯಾನಿಕ್ ಬಂದು ನೋಡಿ 'ಸವೆತ ಇಲ್ಲ' ಎಂದು ಬರೆದು ಹೋದ.

ನಾಳೆ ನಾನೇ ಹೋಗಿ ಹೇಳುತ್ತೇನೆ.

ಮಾರ್ಚ್ 2

ಹೋಗಲಿಲ್ಲ. ಅಕ್ಕನಿಗೆ ಜ್ವರ.

ಮಾರ್ಚ್ 6

ಸಿಳ್ಳೆ. ಬೆಳಿಗ್ಗೆ ಹತ್ತೂಕಾಲಿಗೆ. ಬಲಗೈ.

ಕ್ಲಾಸಿನಲ್ಲಿದ್ದಾಗ ಫೋನ್ ಬಂತು. ತೋರುಬೆರಳು ಪೂರ್ತಿ, ನಡುಬೆರಳು ಅರ್ಧ. ಎದುರಿನ ಪರದೆಯಲ್ಲಿ ಒಂದು ನಟ್ ಬರೆಯುತ್ತಿದ್ದೆ. ಆರು ಮೂಲೆ. ಐದು ಬರೆದಿದ್ದೆ.

ಮಾರ್ಚ್ 7, ಬೆಳಿಗ್ಗೆ 10

ಮ್ಯಾನೇಜರ್ ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತೆ. ಎರಡೂ ಹಾಳೆ ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ಗುರುತು, ಕಿಂಡಿ, ಸಹಿ. ಭಾವನ ಹೆಸರನ್ನು ಕೊನೆಯಲ್ಲಿ ಹೇಳಿದೆ.

ಒಂಬತ್ತಕ್ಕೆ ಪ್ರೆಸ್ಸಿಗೆ ಬೀಗ ಬಿತ್ತು. ಹತ್ತೇ ನಿಮಿಷದ ಕೆಲಸ. ಇಷ್ಟು ದಿನ ಬೇಕಾಗಿದ್ದದ್ದು ಹತ್ತೇ ನಿಮಿಷ.

ಮಾರ್ಚ್ 13

ವಿಚಾರಣೆ. ಬಾಗಿಲು ಹಾಕಿದ ಕೋಣೆ. ಮ್ಯಾನೇಜರ್, ಸೇಫ್ಟಿ ಆಫೀಸರ್, ಹೊರಗಿನಿಂದ ಬಂದ ಒಬ್ಬ ಇಂಜಿನಿಯರು. ಒಂದು ಕಡೆ ಭಾವ, ಒಂದು ಕಡೆ ನಾನು. ಚಿತ್ರ ಓದಿ ಹೇಳಲು ಮೇಡಂ ಅವರನ್ನೂ ಕರೆಸಿದ್ದರು.

ಭಾವ ಎಲ್ಲ ಒಪ್ಪಿಕೊಂಡರು. ಒಂದೇ ಮಾತಿನಲ್ಲಿ. ಅಲ್ಲಿಗೆ ಮುಗಿಯಬೇಕಿತ್ತು. ಸೇಫ್ಟಿ ಆಫೀಸರ್ ನನ್ನ ಕಡೆ ತಿರುಗಿದ.

"ನಿಮಗೆ ಯಾವಾಗ ಗೊತ್ತಾಯ್ತು?"

"ಇತ್ತೀಚೆಗೆ."

"ಇತ್ತೀಚೆಗೆ ಅಂದ್ರೆ?"

"ಎರಡು ಮೂರು ದಿನ ಆಗಿರಬಹುದು. ಆಕ್ಸಿಡೆಂಟಿಗೆ ಮುಂಚೆ."

ಸುಳ್ಳು ಎಷ್ಟು ಸರಾಗವಾಗಿ ಬಂತು! ಎಡವಲೇ ಇಲ್ಲ.

ಮೇಡಂ ಮಧ್ಯೆ ಬಾಯಿ ಹಾಕಿದರು. ಪಾಪ, ನನ್ನ ಪರವಾಗಿ. "ಇಲ್ಲ ಸರ್, ಇವರು ಅದಕ್ಕೂ ಬಹಳ ಮುಂಚೇನೇ ಕಂಡುಹಿಡಿದ್ರು. ನಾನೇ ನೋಡ್ದೆ. ಕ್ಲಾಸಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಮಾಡಿಲ್ಲ." ಪೆನ್ ಡ್ರೈವ್ ತೆಗೆದು ಹಾಕಿದರು. ಗೋಡೆಯ ಮೇಲೆ ನನ್ನ ಜಾಲರಿ ಬಂತು. ಅಳತೆ ಎಲ್ಲ ಸರಿಯಾಗಿ. ಹೊರಗಿನ ಇಂಜಿನಿಯರು ಒಳ್ಳೆ ಕೆಲಸ ಎಂಬಂತೆ ತಲೆಯಾಡಿಸಿದ. ಸೇಫ್ಟಿ ಆಫೀಸರ್ ಫೈಲಿನ ವಿವರ ತೆಗೆಯಲು ಹೇಳಿದ.

ರಚಿಸಿದ್ದು: ಫೆಬ್ರವರಿ 15. ಹನ್ನೊಂದು ಗಂಟೆ ನಲವತ್ತೆರಡು ನಿಮಿಷ.

ಮೇಡಂ ಮೊದಲು ಗೋಡೆ ನೋಡಿದರು. ಆಮೇಲೆ ನನ್ನನ್ನು. ಅವರಿಗೆ ಆಗ ಅರ್ಥವಾಯಿತು. ಆ ಮುಖ ಬರೆಯಲಾರೆ.

"ಹತ್ತೊಂಬತ್ತು ದಿನ" ಎಂದ ಆಫೀಸರ್. ಬರೆದುಕೊಂಡ.

ಭಾವ ನನ್ನ ಪರ ಮಾತಾಡಲು ಹೋದರು. "ನಾನೇ ತಡೆದಿದ್ದು ಸರ್, ಅವನದ್ದೇನಿಲ್ಲ." ಬೇಡವಾಗಿತ್ತು. ಅವರ ಕರುಣೆ ಈಗ ಬೇಡವಾಗಿತ್ತು. ನನ್ನನ್ನು ಯಾರು ಕಟ್ಟಿ ಹಾಕಿದ್ದರು? ಕಾಲಿತ್ತು, ಬಾಯಿತ್ತು. ಕ್ಯಾಂಟೀನಿನಲ್ಲಿ ಅವಳೇ ಎದುರಿಗಿದ್ದಳು.

ಮಾರ್ಚ್ 30

ತೀರ್ಮಾನ ಬಂತು. ಭಾವನನ್ನು ಮುಂಚೆಯೇ ಮನೆಗೆ ಕಳಿಸಿದರು. ನನಗೆ ಎಚ್ಚರಿಕೆ ಪತ್ರ. ಕೋರ್ಸ್ ಮುಂದುವರಿಸಬಹುದು. ಸಿಳ್ಳೆಯ ವರದಿಯಲ್ಲಿ 'ಚಿತ್ರದ ದೋಷ' ಎಂದಿದೆ. ನನ್ನ ಹಳೆ ವರದಿಯ ಆ ಒಂದು ಪದ ಬದಲಾಯಿಸಿ ಎಂದು ಕೇಳಿದೆ. "ಆ ಫೈಲ್ ಕ್ಲೋಸ್ ಆಗಿದೆ" ಎಂದರು.

ವಿಚಾರಣೆಯ ವಿಷಯ ಕೋಣೆಯಿಂದ ಹೊರಗೆ ಹೋಗಬಾರದೆಂದು ಎಲ್ಲರ ಸಹಿ ತೆಗೆದುಕೊಂಡರು. ಶಾಪಿನಲ್ಲಿ ನಾನು ಹೀರೋ. ಸ್ವಂತ ಭಾವನ ಮೇಲೇ ಹೇಳಿದ ಗಂಡಸು. ಗೇಟಿನಲ್ಲಿ ಒಬ್ಬ ಬೆನ್ನು ತಟ್ಟಿದ.

ಮಹಡಿ ಕೋಣೆ ಖಾಲಿ ಮಾಡಿದೆ. ಅಕ್ಕ ಬಾಗಿಲಿಗೆ ಬಂದಳು. ಟ್ರಂಕಿನ ಒಂದು ಹಿಡಿಕೆ ಹಿಡಿದು ಬೀದಿಯವರೆಗೂ ಹೊತ್ತಳು. ಇಳಿಸಿ ಹೇಳಿದಳು:

"ಬಾಯಿ ಬಿಡೋದಾಗಿದ್ರೆ ಮೊದಲನೇ ದಿನ ಬಿಡ್ಬೇಕಿತ್ತು. ಮುಚ್ಕೊಂಡಿರೋದಾಗಿದ್ರೆ ಕೊನೇವರೆಗೂ ಮುಚ್ಕೊಂಡಿರ್ಬೇಕಿತ್ತು. ಎರಡೂ ಮಾಡ್ಲಿಲ್ಲ ನೀನು."

ಟ್ರಂಕನ್ನು ಆಟೋಗೆ ಹಾಕಿದೆ.

ಏಪ್ರಿಲ್ 21

ಮೇಡಂ ಪಾಠ ಮಾಡುತ್ತಾರೆ. ತಪ್ಪು ತಿದ್ದುತ್ತಾರೆ. ನನ್ನ ಪರದೆಯ ಹಿಂದೆ ನಿಲ್ಲುವುದಿಲ್ಲ.

ಜೂನ್ 4

ಹೊಸ ಬ್ಯಾಚು, ನಮ್ಮದೇ ಕೋಣೆಯಲ್ಲಿ. ಬಾಗಿಲಲ್ಲಿ ಸಿಳ್ಳೆ. ಕಂಪನಿಯೇ ಕಳಿಸಿದೆ, ನನ್ನನ್ನು ಕಳಿಸಿದ ಹಾಗೆಯೇ. ಹಾಳೆ, ಪೆನ್ಸಿಲು, ಅದೇ ಎರಡು ಗೆರೆಗಳ ನಡುವಿನ ಅಕ್ಷರ. ಇಡೀ ಕೋಣೆಯಲ್ಲಿ ಅವಳಿಗೆ ಗುರುತಿದ್ದವನು ನಾನೊಬ್ಬ. ಸೀದಾ ಬಂದು ಪಕ್ಕದಲ್ಲೇ ಕೂತಳು.

"ಪೆನ್ಸಿಲ್ ಹೇಗೆ ಹಿಡೀತೀರಿ ಅಣ್ಣ? ತೋರ್ಸಿ."

ತೋರಿಸಿದೆ. ಹೆಬ್ಬೆರಳು, ಉಂಗುರದ ಬೆರಳು. ಹಾಗೇ ಹಿಡಿದಳು. ಗೆರೆ ನಡುಗಿತು.

"ನಿಮ್ಮ ಉಪಕಾರ ಮರೆಯಲ್ಲ ನಾನು. ನೀವು ಹೇಳ್ದೇ ಇದ್ದಿದ್ರೆ ನನ್ನ ಮೇಲೂ ನಿರ್ಲಕ್ಷ್ಯ ಅಂತ ಬರೀತಿದ್ರು. ಅಕ್ಕನ ಮನೇನೂ ಬಿಟ್ಟು ಬಂದ್ರಂತೆ, ನನ್ನಿಂದ."

ಮೇಡಂ ಬೋರ್ಡಿನ ಹತ್ತಿರ ನಿಂತು ಕೇಳಿಸಿಕೊಂಡರು. ಅವರ ಕೈಯಲ್ಲಿ ಚಾಕ್ ಇತ್ತು. ಬರೆಯಲಿಲ್ಲ.

ಜೂನ್ 11

ದಿನಾ ಪಕ್ಕದಲ್ಲೇ ಕೂರುತ್ತಾಳೆ. ಮಗಳು ಬರೆದ ಮೀನಿನ ಚಿತ್ರ ತಂದುಕೊಟ್ಟಳು, 'ಮಾಮನಿಗೆ' ಎಂದು ಬರೆದಿದೆ.

ಇದನ್ನು ಇಟ್ಟುಕೊಳ್ಳಲಾರೆ. ವಾಪಸ್ ಕೊಡಲೂ ಆಗುವುದಿಲ್ಲ.

ಜೂನ್ 12, ಸಂಜೆ 5

ಹೇಳಿದೆ. ಕ್ಲಾಸ್ ಬಿಟ್ಟ ಮೇಲೆ ಮೆಟ್ಟಿಲ ಹತ್ತಿರ ನಿಲ್ಲಿಸಿ. ಸಹಿ ಹಾಕಿ ಕೊಟ್ಟ ಮಾತು ಮುರಿದಂತಾಯಿತು, ಆಗಲಿ. ಸುತ್ತಿ ಬಳಸಲಿಲ್ಲ. ಫೆಬ್ರವರಿ ಹದಿನೈದಕ್ಕೆ ಗೊತ್ತಾಯಿತು ಎಂದೆ. ಕ್ಯಾಂಟೀನಿನಲ್ಲಿ ನಿನ್ನ ಎದುರು ಕೂತಾಗ ಗೊತ್ತಿತ್ತು ಎಂದೆ. ಭಾವನಿಗಾಗಿ ಸುಮ್ಮನಿದ್ದೆ ಎನ್ನಲು ಹೊರಟೆ, ನಿಲ್ಲಿಸಿದೆ. ಸುಮ್ಮನಿದ್ದೆ, ಅಷ್ಟೆ ಎಂದೆ.

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತಳು. ಹುಡುಗರು ಅವಳನ್ನು ಬಳಸಿಕೊಂಡು ಇಳಿದು ಹೋದರು. ಎಲ್ಲರೂ ಹೋದ ಮೇಲೆ ಒಂದೇ ಮಾತು ಕೇಳಿದಳು.

"ಆವತ್ತು ಚಹಾ ಕುಡೀತಾ ಇದ್ದಾಗ್ಲೂ?"

"ಹೂಂ."

"ನಾನು ಮಗಳ ಈಜಿನ ಸುದ್ದಿ ಹೇಳ್ತಿದ್ದೆ."

"ಹೂಂ."

ಎದ್ದಳು. ಎರಡು ಮೆಟ್ಟಿಲು ಇಳಿದಳು. ತಿರುಗಿ ನೋಡಿ, ಅಣ್ಣ ಎನ್ನದೆ, ಹತ್ತು ವರ್ಷ ದೊಡ್ಡವನಾದ ನನ್ನನ್ನು ಮೊದಲ ಸಲ ಏಕವಚನದಲ್ಲಿ, ಜೋರಾಗೂ ಅಲ್ಲ, ಮೆಲ್ಲಗೆ, "ನೀನು ಹುಷಾರು ಅಂದೆ, ಯಾಕೆ ಅಂತ ಹೇಳ್ಲಿಲ್ಲ" ಎಂದಳು.